ಆಂಗ್ಲ ಸಂಸ್ಕೃತಿಯೂ ವೇಲ್ಸ್ ನಾಡಿನ ನುಡಿಯೂ

ಬ್ರಿಟಿಷರ ಸಂಸ್ಕೃತಿಯು ಲೋಕದ ಇತರ ಜನಾಂಗಗಳ ಮೇಲೆ ಬೀರಿದ ಪ್ರಭಾವದ ವಿಚಾರ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ರೈಲು, ಅಂಚೆ, ಅಚ್ಚುಕೂಟ, ನ್ಯಾಯಸ್ಥಾನ, ವಿಶ್ವವಿದ್ಯಾನಿಲಯ ಇವುಗಳನ್ನು ತೋರಿಸಿ ಅದನ್ನು ವರವೆನ್ನುವವರು ಕೆಲವರು. ಕಳೆದುಹೋದ ಸ್ವಾತಂತ್ರ್ಯವನ್ನೂ ಹಾಳಾದ ಕೈಕಸಬುಗಳನ್ನೂ ನೆನೆದು ಅದನ್ನು ಶಾಪವೆನ್ನುವವರು ಕೆಲವರು. ಎರಡು ಪಕ್ಷದವರ ದೃಷ್ಟಿಯೂ ಸಾಮಾನ್ಯವಾಗಿ ಭಾರತ, ಆಫ್ರಿಕ ಮೊದಲಾದ ಕಡಲಾಚೆಯ ನಾಡುಗಳ ಮೇಲೆಯೇ ನೆಟ್ಟಿರುತ್ತದೆ. ಆದರೆ ಆಂಗ್ಲರ ಆಳಿಕೆಗೂ ಅವರ ನಡೆನುಡಿಗಳ ಪ್ರಭಾವಕ್ಕೂ ಬಹು ಮೊದಲೇ ಒಳಗಾದ ಒಂದು ಜನಾಂಗವು ಇಂಗ್ಲೆಂಡಿನ ಮಗ್ಗುಲಲ್ಲಿಯೇ, ಅದೇ ದ್ವೀಪದ ಪಡುವಣ ಭಾಗದಲ್ಲಿ ವಾಸಿಸುತ್ತಿದೆ. ಅವರೇ ವೇಲ್ಸ್ ನಾಡಿನ ಜನ. ಈ ನೆರೆನಾಡಿನ ಕಥೆಯನ್ನು ಓದಿದರೆ ಒಂದು ದೊಡ್ಡ ಸಂಸ್ಕೃತಿಯು ಚಿಕ್ಕ ನುಡಿಯೊಂದರ ಮೇಲೆ ಹೇಗೆ ಕೆಲಸ ಮಾಡುತ್ತದೆ, ಅದು ಯಾವಾಗ ಸೋಲುತ್ತದೆ, ಯಾವಾಗ ಗೆಲ್ಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ರಾಜ್ಯದ ಗಡಿಯಾಚೆ ಇದ್ದು ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ನಮಗೆ ಈ ಕಥೆ ಕೇವಲ ಪರದೇಶದ ಚರಿತ್ರೆಯಾಗಿ ತೋರಲಾರದು.

ವೇಲ್ಸ್ ಬೆಟ್ಟಗುಡ್ಡಗಳ ನಾಡು. ವಿಸ್ತಾರ ಸುಮಾರು 8,000 ಚದರ ಮೈಲಿ. ಜನಸಂಖ್ಯೆ 2021ರ ಗಣತಿಯಂತೆ ಸುಮಾರು 31 ಲಕ್ಷ. ಇಂಗ್ಲಿಷರ ಪೂರ್ವಜರು ಕಡಲು ದಾಟಿ ಬ್ರಿಟನ್ನಿಗೆ ಬರುವ ಮೊದಲೇ ಆ ದ್ವೀಪದಲ್ಲಿ ನೆಲೆಸಿದ್ದ ಕೆಲ್ಟಿಕ್ ಜನರ ನುಡಿಯಿಂದ ಇವರ ನುಡಿ ಹುಟ್ಟಿ ಬಂದಿದೆ. ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. 'ವೆಲ್ಷ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ 'ಪರಕೀಯ' ಎಂಬ ಅರ್ಥದ ಶಬ್ದದಿಂದ ಬಂದುದು. ಹೊರಗಿನಿಂದ ಬಂದವರು ಮೂಲನಿವಾಸಿಗಳನ್ನು ಅವರದೇ ನೆಲದಲ್ಲಿ ಪರಕೀಯರೆಂದು ಕರೆದರು! ಅವರಾದರೋ ತಮ್ಮ ನಾಡನ್ನು 'ಕಮ್ರಿ' ಎಂದೂ ತಮ್ಮ ನುಡಿಯನ್ನು 'ಕಮ್ರಾಯ್ಗ್' ಎಂದೂ ಕರೆದುಕೊಳ್ಳುತ್ತಾರೆ. ಒಂದೇ ನಾಡಿನ ಸಂಗಡಿಗರು ಎಂಬ ಅರ್ಥ ಆ ಹೆಸರಿನ ಮೂಲದಲ್ಲಿದೆ.

1282ರಲ್ಲಿ ವೇಲ್ಸಿನ ಅರಸು ಲ್ಯುವೆಲಿನ್ ಯುದ್ಧಕಾಲದಲ್ಲಿ ಹತನಾದನು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ನಾಡನ್ನು ವಶಪಡಿಸಿಕೊಂಡು ಕಾರ್ನಾರ್ವನ್, ಕಾನ್ವಿ ಮೊದಲಾದ ಕಡೆಗಳಲ್ಲಿ ಬಲವಾದ ಕೋಟೆಗಳನ್ನು ಕಟ್ಟಿಸಿದನು. ಆ ಕೋಟೆಗಳು ಇಂದಿಗೂ ನಿಂತಿವೆ. ಆದರೆ ಕೋಟೆಗಳಿಂದ ನುಡಿಗೆ ಹೆಚ್ಚಿನ ಹಾನಿಯಾಗಲಿಲ್ಲ. ಸೈನಿಕರು ಗೋಡೆಯೊಳಗೆ ಇಂಗ್ಲಿಷು ಆಡಿದರು. ಹಳ್ಳಿಯವರು ಹೊರಗೆ ತಮ್ಮ ಮಾತನ್ನು ಆಡಿಕೊಂಡರು. ಕಾಯಿದೆಯ ಪೆಟ್ಟು ಬಿದ್ದುದು 1536ರಲ್ಲಿ. ಎಂಟನೆಯ ಹೆನ್ರಿಯ ಆಳಿಕೆಯಲ್ಲಿ ವೇಲ್ಸ್ ಇಂಗ್ಲೆಂಡಿನೊಡನೆ ಒಂದುಗೂಡಿಸಲ್ಪಟ್ಟಿತು. ನ್ಯಾಯಸ್ಥಾನಗಳ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯತಕ್ಕದ್ದೆಂದೂ ವೆಲ್ಷ್ ನುಡಿಯನ್ನೇ ಬಳಸುವವರು ಸರಕಾರದ ಪದವಿಗಳನ್ನು ಹೊಂದಲಾಗದೆಂದೂ ವಿಧಿಯಾಯಿತು. ಆ ಹೆನ್ರಿಯ ಟ್ಯೂಡರ್ ಮನೆತನದ ಮೂಲವೇ ವೇಲ್ಸಿನದು ಎಂಬುದು ಚರಿತ್ರೆಯ ವಿಡಂಬನೆ. ಶ್ರೀಮಂತರೂ ಜಮೀನುದಾರರೂ ಪದವಿಯ ಆಸೆಯಿಂದ ತಲೆಮಾರು ಕಳೆದಂತೆ ಇಂಗ್ಲಿಷರಾದರು. ಒಕ್ಕಲುಮಕ್ಕಳು, ಕುರಿಗಾಹಿಗಳು, ಕಸಬುದಾರರು ಮಾತ್ರ ತಮ್ಮ ನುಡಿಯಲ್ಲಿಯೇ ಉಳಿದರು.

ಮೇಲಿನವರು ಕೈಬಿಟ್ಟ ನುಡಿ ಕೆಳಗಿನವರ ಬಾಯಲ್ಲಿ ಬರಿಯ ಆಡುಮಾತಾಗಿ ಒಡೆದು ಚೂರಾಗುವುದು ಸಾಮಾನ್ಯ. ವೇಲ್ಸಿನಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣವಾದುದು ಸರಕಾರವೇ ಮಾಡಿದ ಇನ್ನೊಂದು ಕಾಯಿದೆ. 1563ರಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, ಬೈಬಲನ್ನೂ ಪ್ರಾರ್ಥನಾಗ್ರಂಥವನ್ನೂ ವೆಲ್ಷ್ ನುಡಿಗೆ ಪರಿವರ್ತಿಸಬೇಕೆಂದು ಪಾರ್ಲಿಮೆಂಟು ವಿಧಿಸಿತು. ಜನರು ಹೊಸ ಧರ್ಮಪದ್ಧತಿಗೆ ಒಲಿಯಬೇಕಾದರೆ ಅವರಿಗೆ ತಿಳಿಯುವ ಮಾತಿನಲ್ಲಿ ಬೋಧಿಸಬೇಕೆಂಬುದು ಅದರ ಉದ್ದೇಶ. ಪ್ರತಿಯೊಂದು ಇಗರ್ಜಿಯಲ್ಲಿಯೂ ವೆಲ್ಷ್ ಗ್ರಂಥದ ಪಕ್ಕದಲ್ಲಿ ಇಂಗ್ಲಿಷ್ ಗ್ರಂಥವನ್ನೂ ಇರಿಸಬೇಕು, ಎರಡನ್ನೂ ಹೋಲಿಸಿ ಓದುತ್ತ ಜನರು ಬೇಗನೆ ಇಂಗ್ಲಿಷನ್ನು ಕಲಿಯಬೇಕು ಎಂಬ ಉಪಾಯವೂ ಅದೇ ಕಾಯಿದೆಯಲ್ಲಿತ್ತು. ಫಲ ಮಾತ್ರ ವಿಪರೀತವಾಯಿತು. 1567ರಲ್ಲಿ ವಿಲಿಯಂ ಸಾಲ್ಸ್‌ಬರಿ ಮೊದಲಾದವರ ಪ್ರಯತ್ನದಿಂದ ಹೊಸ ಒಡಂಬಡಿಕೆಯೂ, 1588ರಲ್ಲಿ ವಿಲಿಯಂ ಮಾರ್ಗನ್ ಎಂಬ ಧರ್ಮಗುರುವಿನ ಪರಿಶ್ರಮದಿಂದ ಇಡಿಯ ಬೈಬಲೂ ಹೊರಬಂದವು. ಮಾರ್ಗನ್ ಹಳೆಯ ಕವಿಗಳ ಪ್ರೌಢ ನುಡಿಯನ್ನು ಬಲ್ಲವನು. ಅವನ ಗದ್ಯವು ನಾಡಿಗೆಲ್ಲ ಒಂದೇ ಗ್ರಂಥಭಾಷೆಯನ್ನು ಕೊಟ್ಟಿತು. ಉತ್ತರದ ಬೆಟ್ಟದವನೂ ದಕ್ಷಿಣದ ಬಯಲಿನವನೂ ವಾರಕ್ಕೊಮ್ಮೆ ಒಂದೇ ಬಗೆಯ ಶುದ್ಧ ನುಡಿಯನ್ನು ಕೇಳುವಂತಾಯಿತು.

ಗ್ರಂಥವಿದ್ದರೆ ಸಾಲದು, ಓದಬಲ್ಲವರು ಬೇಕು. ಈ ಕೊರತೆಯನ್ನು ತುಂಬಿದ ಮಹಾನುಭಾವನು ಗ್ರಿಫಿತ್ ಜೋನ್ಸ್ (1684–1761). ಪಡುವಣ ವೇಲ್ಸಿನ ಹಳ್ಳಿಯೊಂದರ ಈ ಪಾದ್ರಿಯು ಸುಮಾರು 1731ರಿಂದ ಸಂಚಾರಿ ಶಾಲೆಗಳನ್ನು ಆರಂಭಿಸಿದನು. ಒಬ್ಬ ಉಪಾಧ್ಯಾಯನು ಒಂದು ಊರಿಗೆ ಹೋಗಿ, ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಮೂರು ತಿಂಗಳ ಮಟ್ಟಿಗೆ ಇಗರ್ಜಿಯಲ್ಲಿಯೋ ಕೊಟ್ಟಿಗೆಯಲ್ಲಿಯೋ ಶಾಲೆ ನಡೆಸಿ, ತರುವಾಯ ಇನ್ನೊಂದು ಊರಿಗೆ ಹೋಗುವನು. ಹಗಲು ಮಕ್ಕಳಿಗೆ, ರಾತ್ರಿ ದುಡಿದು ಬಂದ ದೊಡ್ಡವರಿಗೆ ಪಾಠ. ಕಲಿಸುತ್ತಿದ್ದುದು ಮುಖ್ಯವಾಗಿ ಒಂದೇ ವಿದ್ಯೆ: ಅವರ ಮಾತಿನಲ್ಲಿಯೇ ಓದುವುದು. ತಿಳಿಯದ ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಕಲಿತರೂ ಬಾರದ ಓದು ತಿಳಿದ ನುಡಿಯಲ್ಲಿ ಮೂರು ತಿಂಗಳಿಗೆ ಬರುವುದೆಂಬುದನ್ನು ಅವನು ಪ್ರತ್ಯಕ್ಷವಾಗಿ ತೋರಿಸಿಕೊಟ್ಟನು. ಅವನು ತೀರಿಕೊಳ್ಳುವಷ್ಟರಲ್ಲಿ ಮೂರು ಸಾವಿರಕ್ಕೂ ಮಿಕ್ಕ ಇಂತಹ ಶಾಲೆಗಳು ನಡೆದು ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಅವುಗಳಲ್ಲಿ ಕಲಿತಿದ್ದರೆಂದು ಲೆಕ್ಕವಿದೆ. ಅಂದಿನ ವೇಲ್ಸಿನ ಜನಸಂಖ್ಯೆ ಐದು ಲಕ್ಷದ ಆಚೀಚೆ ಇತ್ತೆಂಬುದನ್ನು ನೆನೆದರೆ ಈ ಕಾರ್ಯದ ಮಹತ್ವ ಮನಗಾಣುವುದು.

ಅವನ ಬಳಿಕ ಬಾಲಾ ಎಂಬ ಊರಿನ ಥಾಮಸ್ ಚಾರ್ಲ್ಸ್ (1755–1814) ಭಾನುವಾರದ ಶಾಲೆಗಳನ್ನು ನಾಡಿನಲ್ಲೆಲ್ಲ ಹಬ್ಬಿಸಿದನು. ಇಂಗ್ಲೆಂಡಿನಲ್ಲಿ ಇಂತಹ ಶಾಲೆಗಳು ಮಕ್ಕಳಿಗಾಗಿ ಇದ್ದರೆ ವೇಲ್ಸಿನಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಮಂದಿರದಲ್ಲಿ ಕುಳಿತು ಓದಿದರು. 1800ರಲ್ಲಿ ಮೇರಿ ಜೋನ್ಸ್ ಎಂಬ ಹದಿನೈದು ವರ್ಷದ ಬಡ ಹುಡುಗಿಯು ಕೂಡಿಟ್ಟ ಹಣವನ್ನು ತೆಗೆದುಕೊಂಡು, ತನ್ನ ನುಡಿಯ ಬೈಬಲೊಂದನ್ನು ಕೊಳ್ಳುವುದಕ್ಕಾಗಿ ಇಪ್ಪತ್ತೈದು ಮೈಲಿಗೂ ಹೆಚ್ಚು ದೂರ ಬಾಲಾ ಊರಿಗೆ ಬರಿಗಾಲಿನಲ್ಲಿ ನಡೆದುಬಂದ ಸಂಗತಿಯನ್ನು ಆ ನಾಡಿನವರು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ಇದರೊಡನೆ 'ಐಸ್ಟೆಡ್‌ವಡ್' ಎಂಬ ಕವಿಗಾಯಕರ ಕೂಟವೂ ಇತ್ತು. 1176ರಲ್ಲಿ ಅರಸನೊಬ್ಬನು ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನು ಕರೆಸಿ, ಗೆದ್ದವನಿಗೆ ಪೀಠವಿತ್ತು ಗೌರವಿಸಿದ ಸಂಪ್ರದಾಯವು ಹತ್ತೊಂಬತ್ತನೆಯ ಶತಮಾನದಲ್ಲಿ ನಾಡಹಬ್ಬವಾಗಿ ಬೆಳೆಯಿತು. ಅಲ್ಲಿ ಗಣಿಯ ಕೂಲಿಯೂ ಕುರಿಗಾಹಿಯೂ ಕವಿಪೀಠವನ್ನೇರಬಹುದಾಗಿತ್ತು. ಹೀಗೆ 1536ರ ಕಾಯಿದೆಯಾಗಿ ಮುನ್ನೂರು ವರ್ಷ ಸಂದರೂ ವೇಲ್ಸಿನ ಬಹುಸಂಖ್ಯೆಯ ಜನರು ತಮ್ಮ ನುಡಿಯಲ್ಲಿಯೇ ಬಾಳುತ್ತಿದ್ದರು. ಅನೇಕರಿಗೆ ಇಂಗ್ಲಿಷೇ ಬಾರದು. ಕೋಟೆ ಕಾಯಿದೆಗಳಿಗೆ ಮಣಿಯದೆ ಉಳಿದ ಈ ನುಡಿ ಮತ್ತೆ ಕುಂದಿದುದು ಹೇಗೆ? ನಮಗೆ ಮುಖ್ಯವಾದ ಪ್ರಶ್ನೆ ಇದು.

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ವೇಲ್ಸಿನ ಕಣಿವೆಗಳಲ್ಲಿ ಕಬ್ಬಿಣದ ಕುಲುಮೆಗಳೂ ಕಲ್ಲಿದ್ದಲ ಗಣಿಗಳೂ ತೆರೆದವು. ಹೊರಗಿನಿಂದ ಜನ ಬಂದರು, ರೈಲು ಬಂತು, ವ್ಯಾಪಾರ ಬಂತು. ಕೂಲಿಗಾರರ ದಂಗೆಗಳೂ ಆದವು. 1831ರಲ್ಲಿ ಮರ್ಥರ್ ಪಟ್ಟಣದಲ್ಲಿ, 1839ರಲ್ಲಿ ನ್ಯೂಪೋರ್ಟಿನಲ್ಲಿ ರಕ್ತಪಾತವಾಯಿತು. ತಮಗೆ ತಿಳಿಯದ ಮಾತಿನಲ್ಲಿ ಜನರು ಏನು ಮಾತಾಡಿಕೊಳ್ಳುತ್ತಾರೋ ಎಂಬ ಶಂಕೆ ಲಂಡನ್ನಿನ ಅಧಿಕಾರಿಗಳಲ್ಲಿ ಬೆಳೆಯಿತು. 1846ರಲ್ಲಿ ವಿಲಿಯಂ ವಿಲಿಯಮ್ಸ್ ಎಂಬ ಪಾರ್ಲಿಮೆಂಟಿನ ಸದಸ್ಯನು ವೇಲ್ಸಿನ ವಿದ್ಯಾಭ್ಯಾಸದ ಸ್ಥಿತಿಯನ್ನೂ, ಮುಖ್ಯವಾಗಿ ದುಡಿಯುವ ಜನರಿಗೆ ಇಂಗ್ಲಿಷು ಕಲಿಯಲು ಇರುವ ಅನುಕೂಲವನ್ನೂ ವಿಚಾರಣೆ ಮಾಡಬೇಕೆಂದು ಸೂಚಿಸಿದನು. ಇವನು ವೇಲ್ಸಿನಲ್ಲಿಯೇ ಹುಟ್ಟಿ ಲಂಡನ್ನಿನಲ್ಲಿ ವ್ಯಾಪಾರ ಮಾಡಿ ಹಣವಂತನಾದವನು. ತನ್ನ ಜನಕ್ಕೆ ಒಳಿತಾಗಲೆಂದೇ ಹೀಗೆ ಮಾಡಿದನು.

ವಿಚಾರಣೆಗೆ ನೇಮಕವಾದ ಮೂವರು ತರುಣ ವಕೀಲರಲ್ಲಿ ಒಬ್ಬರಿಗೂ ವೆಲ್ಷ್ ನುಡಿ ಬಾರದು. ಅವರು ಸಹಾಯಕರನ್ನೂ ದುಭಾಷಿಗಳನ್ನೂ ಕಟ್ಟಿಕೊಂಡು ಊರೂರು ತಿರುಗಿ, ವೆಲ್ಷ್ ಮಾತ್ರ ಬಲ್ಲ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದಾಗ ಅಜ್ಞಾನವೆಂದು ಬರೆದುಕೊಂಡರು. 1847ರಲ್ಲಿ ಅವರ ವರದಿ ಮೂರು ಸಂಪುಟಗಳಾಗಿ ನೀಲಿ ಹೊದಿಕೆಯಲ್ಲಿ ಹೊರಬಿತ್ತು. ಶಾಲೆಯ ಕಟ್ಟಡಗಳು ಹಾಳಾಗಿವೆ, ಉಪಾಧ್ಯಾಯರಿಗೆ ತರಬೇತಿಯಿಲ್ಲ, ಮಕ್ಕಳು ಅರ್ಥವರಿಯದೆ ಇಂಗ್ಲಿಷನ್ನು ಗಿಳಿಪಾಠ ಒಪ್ಪಿಸುತ್ತಾರೆ ಎಂದು ಅವರು ಬರೆದುದರಲ್ಲಿ ಸತ್ಯವಿತ್ತು. ಆದರೆ ಅಷ್ಟಕ್ಕೆ ನಿಲ್ಲದೆ, ವೇಲ್ಸಿನ ನುಡಿಯೇ ಅಲ್ಲಿಯ ಜನರ ಬಡತನಕ್ಕೂ ಅಜ್ಞಾನಕ್ಕೂ ಅನೀತಿಗೂ ಕಾರಣವೆಂಬ ಅರ್ಥದ ಮಾತುಗಳನ್ನೂ ಬರೆದರು. ಅಲ್ಲಿಯ ಹೆಣ್ಣುಮಕ್ಕಳ ಶೀಲವನ್ನೂ ದೂಷಿಸಿದರು. ನಾಡಿಗೆ ನಾಡೇ ಕೆರಳಿತು. 'ನೀಲಿ ಹೊತ್ತಗೆಗಳ ದ್ರೋಹ' ಎಂಬ ಹೆಸರು ಆ ವರದಿಗೆ ಶಾಶ್ವತವಾಗಿ ಅಂಟಿಕೊಂಡಿತು.

ಇದಕ್ಕೆ ಹನ್ನೆರಡು ವರ್ಷ ಮೊದಲು, 1835ರ ಫೆಬ್ರವರಿಯಲ್ಲಿ, ಮೆಕಾಲೆಯು ಕಲಕತ್ತೆಯಲ್ಲಿ ಕುಳಿತು ಭಾರತದ ವಿದ್ಯೆಗಳನ್ನು ಹೀನಾಯಗೊಳಿಸಿ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದಿದ್ದನು. ಅವನಿಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದು. ವೇಲ್ಸಿನ ವಿಚಾರಕರಿಗೆ ವೆಲ್ಷ್ ಬಾರದು. ತಾನರಿಯದ ನುಡಿಯಲ್ಲಿ ಅರಿಯತಕ್ಕದ್ದೇನೂ ಇಲ್ಲವೆಂಬ ಮನೋಭಾವ ಎರಡು ಕಡೆಯೂ ಒಂದೇ. ಆದರೆ ಫಲದಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮಲ್ಲಿ 1854ರ ವುಡ್ ಎಂಬಾತನ ವಿದ್ಯಾ ಪತ್ರವು ಮೇಲಿನ ತರಗತಿಗಳಿಗೆ ಇಂಗ್ಲಿಷನ್ನೂ ಜನಸಾಮಾನ್ಯರ ಶಾಲೆಗಳಿಗೆ ದೇಶಭಾಷೆಗಳನ್ನೂ ಗೊತ್ತುಮಾಡಿತು. ಅದರಿಂದ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದ ಮಗುವಿಗೆ ಮೊದಲ ಅಕ್ಷರವು ಕನ್ನಡದಲ್ಲಿಯೇ ದೊರೆಯಿತು. ವೇಲ್ಸಿನಲ್ಲಿ ಪೆಟ್ಟು ಬಿದ್ದುದು ಮೊದಲನೆಯ ತರಗತಿಗೇ. 1862ರಿಂದ ಶಾಲೆಗಳಿಗೆ ಸರಕಾರದ ಸಹಾಯಧನವು ಮಕ್ಕಳು ಇಂಗ್ಲಿಷಿನ ಓದು, ಬರಹ ಮತ್ತು ಲೆಕ್ಕಗಳಲ್ಲಿ ತೇರ್ಗಡೆಯಾದುದನ್ನು ಅವಲಂಬಿಸಿತು. ಅವರ ಸ್ವಂತ ನುಡಿಗೆ ಒಂದು ಕಾಸಿನ ಬೆಲೆಯೂ ಇರಲಿಲ್ಲ.

ಇದೇ ಶತಮಾನದ ಶಾಲೆಗಳಲ್ಲಿ ಪ್ರಚಾರದಲ್ಲಿದ್ದ ಶಿಕ್ಷೆಯೊಂದಕ್ಕೆ 'ವೆಲ್ಷ್ ನಾಟ್' ಎಂದು ಹೆಸರು. ದಾರ ಕಟ್ಟಿದ ಒಂದು ಸಣ್ಣ ಮರದ ತುಂಡು. ಅದರ ಮೇಲೆ ಎರಡು ಅಕ್ಷರಗಳನ್ನು ಕೊರೆದಿರುವುದು. ಶಾಲೆಯಲ್ಲಿ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಅದನ್ನು ಹಾಕುವರು. ಅವನು ಬೇರೊಬ್ಬನು ವೆಲ್ಷ್ ಆಡಿದುದನ್ನು ಕೇಳಿ ದೂರಿತ್ತರೆ ತುಂಡು ಆ ಇನ್ನೊಬ್ಬನ ಕೊರಳಿಗೆ ಹೋಗುವುದು. ಹೀಗೆ ಕೊರಳಿಂದ ಕೊರಳಿಗೆ ಸಾಗಿ, ಸಂಜೆ ಶಾಲೆ ಬಿಡುವಾಗ ಅದು ಯಾರ ಕೊರಳಲ್ಲಿರುವುದೋ ಅವನಿಗೆ ಬೆತ್ತದೇಟು. ಮಾತೃಭಾಷೆಯನ್ನಾಡಿದುದು ತಪ್ಪು, ಗೆಳೆಯನನ್ನು ಹಿಡಿದುಕೊಡುವುದು ಆ ತಪ್ಪಿನಿಂದ ಬಿಡುಗಡೆಗೆ ದಾರಿ. 1847ರ ವಿಚಾರಕರಲ್ಲೊಬ್ಬನು ಸಹ ಈ ಪದ್ಧತಿಯನ್ನು ಮೆಚ್ಚಲಿಲ್ಲ. ತಾಯಿತಂದೆಯರೊಡನೆ ವೆಲ್ಷ್ ಆಡುವ ಸಹಪಾಠಿಗಳನ್ನು ಪತ್ತೆಹಚ್ಚಲು ಮಕ್ಕಳು ಕದ್ದು ಅವರ ಮನೆಗಳತ್ತ ಹೋಗುತ್ತಾರೆಂದು ಅವನೇ ಬರೆದಿಟ್ಟಿದ್ದಾನೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಈ ಮರದ ತುಂಡನ್ನು ಕಟ್ಟಬೇಕೆಂದು ಯಾವ ದೊರೆಯೂ ಆಜ್ಞಾಪಿಸಿರಲಿಲ್ಲ, ಯಾವ ಪಾರ್ಲಿಮೆಂಟೂ ಕಾಯಿದೆ ಮಾಡಿರಲಿಲ್ಲ. ಅದನ್ನು ಬಳಸಿದ ಉಪಾಧ್ಯಾಯರಲ್ಲಿ ಅನೇಕರು ವೇಲ್ಸಿನವರೇ. ಶಾಲೆಗೆ ಫೀಜು ತೆತ್ತು ಮಕ್ಕಳನ್ನು ಕಳುಹಿಸುತ್ತಿದ್ದ ತಾಯಿತಂದೆಗಳಲ್ಲಿ ಬಹುಮಂದಿ ಅದಕ್ಕೆ ಒಪ್ಪಿದ್ದರು. ಅವರು ಮಕ್ಕಳ ಮೇಲೆ ಪ್ರೀತಿಯಿಲ್ಲದವರಲ್ಲ. ಮನೆಯ ಮಾತು ಹೇಗೂ ಬರುತ್ತದೆ, ಅದನ್ನು ಶಾಲೆಯಲ್ಲಿ ಕಲಿಯುವುದೇತಕ್ಕೆ. ಇಂಗ್ಲಿಷು ಬಂದರೆ ಮಗನು ಗಣಿಯಿಂದ ಮೇಲೆದ್ದು ಕಚೇರಿಗೆ ಹೋಗುತ್ತಾನೆ ಎಂಬುದು ಅವರ ಎಣಿಕೆ. ಅವರ ಆಸೆ ಸಹಜವಾದುದೇ. ಆದರೆ ಶಾಲೆಯಲ್ಲಿ ಅವಮಾನಕ್ಕೆ ಗುರಿಯಾದ ಮಾತನ್ನು ಆ ಮಗು ದೊಡ್ಡದಾದ ಮೇಲೆ ತನ್ನ ಮಕ್ಕಳೊಡನೆ ಆಡಲಿಲ್ಲ. ಮನೆಯ ಮಾತು ಹೇಗೂ ಉಳಿಯುತ್ತದೆ ಎಂಬ ಲೆಕ್ಕವೇ ತಪ್ಪಾಯಿತು.

ಇದರ ಪರಿಣಾಮವನ್ನು ಜನಗಣತಿಯ ಅಂಕೆಗಳು ಹೇಳುತ್ತವೆ. 1891ರಲ್ಲಿ ವೇಲ್ಸಿನ ನೂರರಲ್ಲಿ 54 ಮಂದಿ ವೆಲ್ಷ್ ಬಲ್ಲವರಾಗಿದ್ದರು; 1901ರಲ್ಲಿ 50; 1911ರಲ್ಲಿ 43ಕ್ಕೆ ಮಿಕ್ಕಿ; 1961ರಲ್ಲಿ 26; 1981ರಲ್ಲಿ ಕೇವಲ 19. ಹೊರಗಿನಿಂದ ಬಂದ ಜನ, ವಲಸೆ ಹೋದ ಜನ, ಯುದ್ಧಗಳು, ರೇಡಿಯೋ, ಚಲನಚಿತ್ರ ಇವೆಲ್ಲವೂ ಕಾರಣಗಳೇ. ಆದರೂ ಮುನ್ನೂರು ವರ್ಷಗಳ ಕಾಯಿದೆಯಿಂದ ಆಗದುದು ಮೂರು ತಲೆಮಾರುಗಳ ಸಂಕೋಚದಿಂದ ಆಯಿತು ಎಂಬುದನ್ನು ಅಲ್ಲಗಳೆಯಲಾಗದು.

ಇದನ್ನು ಮೊದಲೇ ಕಂಡುಕೊಂಡ ಕೆಲವರು ನಾಡನ್ನೇ ಬಿಟ್ಟುಹೋದರು. 1865ರ ಮೇ ತಿಂಗಳಲ್ಲಿ ಸುಮಾರು 150 ಮಂದಿ ಗಂಡಸರು, ಹೆಂಗಸರು, ಮಕ್ಕಳು 'ಮಿಮೋಸ' ಎಂಬ ಹಡಗನ್ನೇರಿ ಲಿವರ್‌ಪೂಲಿನಿಂದ ಹೊರಟು ದಕ್ಷಿಣ ಅಮೆರಿಕದ ಪೆಟಗೋನಿಯ ಪ್ರಾಂತವನ್ನು ಸೇರಿದರು. ಇಂಗ್ಲಿಷಿನ ನೆರಳು ಬೀಳದ ಸ್ಥಳದಲ್ಲಿ ತಮ್ಮ ನುಡಿಯ ಊರುಗಳನ್ನು ಕಟ್ಟಬೇಕೆಂಬುದು ಅವರ ಹಂಬಲ. ಮಳೆಯಿಲ್ಲದ ಆ ಬಯಲಿನಲ್ಲಿ ನದಿಯಿಂದ ಕಾಲುವೆ ತೋಡಿ ಗೋದಿ ಬೆಳೆದರು. ಶಾಲೆ, ಪಂಚಾಯತಿ, ಪ್ರಾರ್ಥನೆ ಎಲ್ಲವನ್ನೂ ವೆಲ್ಷ್ ನುಡಿಯಲ್ಲಿ ನಡೆಸಿದರು. ಆದರೆ ಅಲ್ಲಿಯೂ ಕಾಲಕ್ರಮದಲ್ಲಿ ಅರ್ಜೆಂಟೀನ ಸರಕಾರದ ಸ್ಪ್ಯಾನಿಷ್ ಭಾಷೆ ಶಾಲೆಗಳನ್ನು ಹೊಕ್ಕಿತು. ನುಡಿ ಇಂದಿಗೂ ಅಲ್ಲಿ ಅಳಿದಿಲ್ಲವೆಂಬುದು ಮೆಚ್ಚತಕ್ಕ ವಿಷಯ. ಆದರೆ ಊರು ಬಿಟ್ಟುಹೋದ ಮಾತ್ರಕ್ಕೆ ದೊಡ್ಡ ನುಡಿಯ ನೆರೆ ತಪ್ಪುವುದಿಲ್ಲ.

ಇನ್ನೊಬ್ಬ ವೇಲ್ಸಿನವನ ನೆನಪು ಭಾರತಕ್ಕೆ ಸಂಬಂಧಿಸಿದುದು. 1841ರಲ್ಲಿ ಥಾಮಸ್ ಜೋನ್ಸ್ ಎಂಬ ಮಿಶನರಿ ಚಿರಾಪುಂಜಿಗೆ ಬಂದು ಖಾಸಿ ಜನರ ನಡುವೆ ನೆಲೆಸಿ, ಅವರ ಮಾತನ್ನು ಕಲಿತು, ರೋಮನ್ ಅಕ್ಷರಗಳಲ್ಲಿ ಅದನ್ನು ಬರೆಯುವ ಕ್ರಮವನ್ನು ರೂಪಿಸಿದನು. ಆ ಬರವಣಿಗೆಯಲ್ಲಿ ವೆಲ್ಷ್ ಕಾಗುಣಿತದ ಗುರುತುಗಳು ಇಂದಿಗೂ ಕಾಣುತ್ತವೆ. ಜನರಿಗೆ ಅವರ ನುಡಿಯಲ್ಲಿಯೇ ಓದು ಕಲಿಸಬೇಕೆಂಬ ಗ್ರಿಫಿತ್ ಜೋನ್ಸನ ಪಾಠವು ಹೀಗೆ ಮೇಘಾಲಯದ ಬೆಟ್ಟಗಳಿಗೆ ಬಂದಿತು. ಬ್ರಿಟಿಷ್ ಸಂಸ್ಕೃತಿ ಎಂದು ನಾವು ಒಟ್ಟಾಗಿ ಕರೆಯುವ ವಸ್ತುವಿನೊಳಗೆ ಲಿಂಗನ್, ಮೆಕಾಲೆಯಂಥವರ ತಿರಸ್ಕಾರವೂ ಇದೆ, ಇಂತಹವರ ಆದರವೂ ಇದೆ. (ಲಿಂಗನ್ ಎಂಬವನು 1847ರ ವಿಚಾರಕರಲ್ಲೊಬ್ಬ.)

ಈಗ ವೇಲ್ಸಿನ ಒಂದು ಮನೆತನದ ಮಾತು. ಬಾಲಾ ಊರಿನ ಸಮೀಪದ ಹಳ್ಳಿಯೊಂದರಲ್ಲಿ, ಬಡ ಒಕ್ಕಲಿನ ಮನೆಯಲ್ಲಿ 1858ರಲ್ಲಿ ಓವೆನ್ ಎಡ್ವರ್ಡ್ಸ್ ಹುಟ್ಟಿದನು. ಮೊದಲ ಸಲ ಶಾಲೆಗೆ ಹೋದಾಗ ಅವನಿಗೆ ಇಂಗ್ಲಿಷು ಬಾರದು. ಮರದ ತುಂಡು ಕೊರಳಿಗೆ ಬಿತ್ತು. ಅದನ್ನು ಇನ್ನೊಬ್ಬನಿಗೆ ದಾಟಿಸಲು ಅವನ ಮನಸ್ಸೊಪ್ಪಲಿಲ್ಲ. ಆದುದರಿಂದ ಅದು ಮತ್ತೆ ಮತ್ತೆ ಅವನ ಕೊರಳಲ್ಲಿಯೇ ಉಳಿಯುತ್ತಿತ್ತೆಂದು ಅವನು ಮುಂದೆ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಈ ಹುಡುಗನು ಬೆಳೆದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಅಧ್ಯಾಪಕನಾದನು. 1892ರಲ್ಲಿ ಮಕ್ಕಳಿಗಾಗಿ ವೆಲ್ಷ್ ಮಾಸಪತ್ರಿಕೆಯೊಂದನ್ನು ಆರಂಭಿಸಿದನು. 1907ರಲ್ಲಿ ವೇಲ್ಸಿನ ಶಾಲೆಗಳ ಮುಖ್ಯ ಪರಿವೀಕ್ಷಕನಾಗಿ ನೇಮಕಗೊಂಡು, ಯಾವ ಶಾಲೆಗಳಿಂದ ಆ ನುಡಿ ಹೊರದೂಡಲ್ಪಟ್ಟಿತ್ತೋ ಅದೇ ಶಾಲೆಗಳೊಳಕ್ಕೆ ಅದನ್ನು ಮತ್ತೆ ಕರೆತರಲು ಶ್ರಮಿಸಿದನು.

ಅವನ ಮಗ ಇವಾನ್ ಎಡ್ವರ್ಡ್ಸ್ ತಂದೆಯ ಕೆಲಸವನ್ನು ಮುಂದುವರಿಸಿದನು. 1922ರಲ್ಲಿ ಆ ಮಾಸಪತ್ರಿಕೆಯ ಮೂಲಕ ಕರೆ ಕೊಟ್ಟು, ಆಟಪಾಟಗಳೂ ಶಿಬಿರಗಳೂ ವೆಲ್ಷ್ ನುಡಿಯಲ್ಲಿಯೇ ನಡೆಯುವ ಮಕ್ಕಳ ಸಂಘವೊಂದನ್ನು ಸ್ಥಾಪಿಸಿದನು. ಅದು ಇಂದಿಗೂ ನಡೆಯುತ್ತಿದೆ. 1939ರಲ್ಲಿ, ಮಹಾಯುದ್ಧವು ಆರಂಭವಾದ ದಿನಗಳಲ್ಲಿ, ಅಬರಿಸ್ಟ್‌ವಿತ್ ಪಟ್ಟಣದಲ್ಲಿ ಪೂರ್ಣವಾಗಿ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆಯನ್ನು ತೆರೆದನು. ಸೇರಿದ ಮಕ್ಕಳು ಏಳು. ಸರಕಾರದ ಧನಸಹಾಯವಿಲ್ಲ, ನಡೆಸಿದವರು ತಾಯಿತಂದೆಗಳೂ ಹಿತೈಷಿಗಳೂ. ಏಳು ಮಕ್ಕಳಿಗೆ ಶಾಲೆಯೇ ಎಂದು ಹಂಗಿಸುವವರು ಯಾವ ನಾಡಿನಲ್ಲಿಯೂ ಇರುತ್ತಾರೆ. ಶಾಲೆ ಬೆಳೆಯಿತು. 1947ರಲ್ಲಿ ಲಾನೆಲ್ಲಿ ಪಟ್ಟಣದಲ್ಲಿ ಸ್ಥಳೀಯ ವಿದ್ಯಾಧಿಕಾರಿಗಳೇ ಇಂತಹ ಶಾಲೆಯೊಂದನ್ನು ತೆರೆದರು. 1956ರಲ್ಲಿ ಮೊದಲನೆಯ ವೆಲ್ಷ್ ಮಾಧ್ಯಮದ ಪ್ರೌಢಶಾಲೆ ಬಂತು. 1971ರಿಂದ ಶಿಶುವಿಹಾರಗಳ ಸಂಘಟನೆಯೂ ಆಯಿತು. ಇಂದು ಮನೆಯಲ್ಲಿ ಇಂಗ್ಲಿಷು ಮಾತ್ರ ಆಡುವ ಎಷ್ಟೋ ತಾಯಿತಂದೆಗಳು, ತಮ್ಮ ಅಜ್ಜಂದಿರು ಕಳೆದುಕೊಂಡ ನುಡಿ ಮಕ್ಕಳಿಗಾದರೂ ದೊರೆಯಲೆಂದು, ಅವರನ್ನು ಈ ಶಾಲೆಗಳಿಗೆ ಸೇರಿಸುತ್ತಿದ್ದಾರೆ.

ಶಾಲೆಯ ಹೊರಗೂ ಹೋರಾಟ ನಡೆಯಿತು. ಲಾನೆಲ್ಲಿಯ ಬಳಿಯ ಹಳ್ಳಿಯೊಂದರಲ್ಲಿ ಟ್ರೆವರ್ ಬೀಸ್ಲಿ ಎಂಬ ಗಣಿಯ ಕೆಲಸಗಾರನೂ ಆತನ ಪತ್ನಿ ಐಲೀನ್ ಎಂಬಾಕೆಯೂ 1952ರಿಂದ, ತಮ್ಮ ನುಡಿಯಲ್ಲಿ ನೋಟೀಸು ಬಂದ ಹೊರತು ಮನೆಯ ತೆರಿಗೆಯನ್ನು ಕೊಡುವುದಿಲ್ಲವೆಂದು ಹಟಹಿಡಿದರು. ಆ ಹಳ್ಳಿಯವರೂ ಸ್ಥಳೀಯ ಸದಸ್ಯರೂ ಹೆಚ್ಚಾಗಿ ವೆಲ್ಷ್ ಬಲ್ಲವರೇ. ನೋಟೀಸು ಮಾತ್ರ ಇಂಗ್ಲಿಷಿನಲ್ಲಿ. ಮೇಲಿಂದ ಮೇಲೆ ಕೋರ್ಟು, ಮೇಲಿಂದ ಮೇಲೆ ಜಪ್ತಿ. ಮನೆಯ ಪೀಠೋಪಕರಣಗಳೂ ಪಿಯಾನೋ ವಾದ್ಯವೂ ಹೋದವು. ಎಂಟು ವರ್ಷಗಳ ಬಳಿಕ 1960ರಲ್ಲಿ ಎರಡು ಭಾಷೆಗಳ ನೋಟೀಸು ಅವರ ಕೈಸೇರಿತು. 1962ರ ಫೆಬ್ರವರಿ 13ರಂದು ಸಾಂಡರ್ಸ್ ಲೂಯಿಸ್ ಎಂಬ ನಾಟಕಕಾರನು ರೇಡಿಯೋ ಭಾಷಣದಲ್ಲಿ ಈ ದಂಪತಿಗಳನ್ನೇ ಮಾದರಿಯಾಗಿ ತೋರಿಸಿ, ಹೀಗೆಯೇ ನಡೆದರೆ ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ಜೀವಂತ ನುಡಿಯಾಗಿ ವೆಲ್ಷ್ ಉಳಿಯದೆಂದು ಎಚ್ಚರಿಸಿದನು. ತರುಣರು ಎಚ್ಚತ್ತರು. 1967, 1993, 2011ರ ಶಾಸನಗಳಿಂದ ನುಡಿಗೆ ಹಂತಹಂತವಾಗಿ ಕಚೇರಿಯ ಮಾನ್ಯತೆ ದೊರೆಯಿತು. 1980ರಲ್ಲಿ ಗ್ವಿನ್‌ವರ್ ಇವಾನ್ಸ್ ಎಂಬ ನಾಯಕನು, ಕೊಟ್ಟ ಮಾತಿನಂತೆ ವೆಲ್ಷ್ ದೂರದರ್ಶನವನ್ನು ಆರಂಭಿಸದಿದ್ದರೆ ಆಮರಣ ಉಪವಾಸ ಮಾಡುವೆನೆಂದು ಸಾರಿದನು. ಸರಕಾರ ಮಣಿಯಿತು, 1982ರ ನವೆಂಬರ್ 1ರಿಂದ ಪ್ರಸಾರ ಆರಂಭವಾಯಿತು. ನಮ್ಮ ರಾಜ್ಯೋತ್ಸವದ ದಿನವೂ ಅದೇ!

ಹಾಗೆಂದು ಗೆಲುವು ಪೂರ್ಣವಾಯಿತೆನ್ನುವಂತಿಲ್ಲ. 2001ರಲ್ಲಿ ನೂರಕ್ಕೆ 20ಕ್ಕೂ ಸ್ವಲ್ಪ ಮೇಲೇರಿದ ಸಂಖ್ಯೆ 2021ರಲ್ಲಿ 17.8ಕ್ಕೆ, ಎಂದರೆ ಸುಮಾರು 5,38,000 ಮಂದಿಗೆ, ಇಳಿದಿದೆ. ಒಮ್ಮೆ ಮನೆಯಿಂದ ಹೊರಟುಹೋದ ನುಡಿಯನ್ನು ಮರಳಿ ಕರೆತರುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ. ಆದರೂ ಸಾಂಡರ್ಸ್ ಲೂಯಿಸ್ ಹೇಳಿದ ಗಡುವು ಕಳೆದಿದೆ, ನುಡಿ ಬದುಕಿದೆ.

ಇಷ್ಟೆಲ್ಲ ಹೇಳಿದುದು ಇಂಗ್ಲಿಷನ್ನು ದ್ವೇಷಿಸಬೇಕೆಂದಲ್ಲ. 1916ರಿಂದ 1922ರವರೆಗೆ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ಲಾಯ್ಡ್ ಜಾರ್ಜ್ ವೆಲ್ಷ್ ಮನೆಮಾತಿನವನು. ಇಂಗ್ಲಿಷು ಅವನಿಗೆ ಎರಡನೆಯ ಭಾಷೆ. ಮನೆಮಾತನ್ನು ಬಿಟ್ಟರೆ ಮಾತ್ರ ಮೇಲೇರಬಹುದೆಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ನಮ್ಮ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕಾವ್ಯವನ್ನು ಅರಗಿಸಿಕೊಂಡು 'ಇಂಗ್ಲಿಷ್ ಗೀತಗಳು' ಎಂಬ ಕೃತಿಯಿಂದ ಹೊಸಗನ್ನಡ ಕವಿತೆಗೆ ಹೊಸ ಹಾದಿ ತೆರೆದರು. ಅವರು ಕನ್ನಡದಲ್ಲಿ ಗಟ್ಟಿಯಾಗಿ ನಿಂತು ಕೈಚಾಚಿದ್ದರಿಂದ ಹೊರಗಿನದು ಕಾಣಿಕೆಯಾಗಿ ಬಂತು. ವೇಲ್ಸಿನ ಮಗುವಿಗೆ ಅದೇ ಇಂಗ್ಲಿಷು, ಮೊದಲು ಕೈಯಲ್ಲಿರುವುದನ್ನು ಬಿಸುಡು ಎಂದು ಕೇಳುವ ಸುಂಕವಾಗಿ ಬಂತು. ಪರಸಂಸ್ಕೃತಿಯ ಪ್ರಭಾವವು ವರವೋ ಶಾಪವೋ ಎಂಬ ಪ್ರಶ್ನೆಗೆ ಉತ್ತರವು ಈ ವ್ಯತ್ಯಾಸದಲ್ಲಿದೆ ಎಂದು ನಮಗೆ ತೋರುತ್ತದೆ.

ನಮ್ಮ ಕಾಸರಗೋಡು ವೇಲ್ಸ್ ಅಲ್ಲ. ಇಲ್ಲಿ ಯಾವ ಮಗುವಿನ ಕೊರಳಿಗೂ ಮರದ ತುಂಡನ್ನು ಕಟ್ಟುವವರಿಲ್ಲ. ನೆರೆಯ ಮಲಯಾಳವು ನಮ್ಮ ನುಡಿಗೆ ಸೋದರಿ. ಅದನ್ನು ಚೆನ್ನಾಗಿ ಕಲಿಯುವುದು ನಮಗೆ ಲಾಭವೂ ಮರ್ಯಾದೆಯೂ ಆಗಿದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಹವಿಗನ್ನಡ ಯಾವ ಮಾತೇ ಇರಲಿ, ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನದಿಂದ ಮಂಜೇಶ್ವರದ ಗೋವಿಂದ ಪೈಗಳವರೆಗೆ ನಮ್ಮೆಲ್ಲರ ಓದುಬರಹದ ನುಡಿ ಕನ್ನಡವಾಗಿ ಬಂದಿದೆ. 1956ರ ನವೆಂಬರ್ 1ರಂದು ಈ ತಾಲ್ಲೂಕು ಕೇರಳಕ್ಕೆ ಸೇರಿದ ಬಳಿಕವೂ ಅದು ನಿಂತಿಲ್ಲ. ನಾವು ಭಯಪಡಬೇಕಾದುದು ಕಾಯಿದೆಗಿಂತ ಹೆಚ್ಚಾಗಿ, ಮನೆಯ ಜಗಲಿಯಲ್ಲಿ ಕುಳಿತು ನಾವೇ ಆಡುವ ಒಂದು ಮಾತಿಗೆ: 'ಕನ್ನಡ ಹೇಗೂ ಬರುತ್ತದೆ, ಅದನ್ನು ಶಾಲೆಯಲ್ಲಿ ಕಲಿಯುವುದೇತಕ್ಕೆ?' ವೇಲ್ಸಿನ ತಾಯಿತಂದೆಗಳು ಆಡಿದುದೂ ಈ ಮಾತನ್ನೇ.

ಆದುದರಿಂದ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ದೊಡ್ಡದೇನಲ್ಲ. ಮಗು ಇಂಗ್ಲಿಷನ್ನು ಕಲಿಯಲಿ, ಮಲಯಾಳವನ್ನು ಕಲಿಯಲಿ, ಹಿಂದಿಯನ್ನು ಕಲಿಯಲಿ. ಅದರ ಮೊದಲ ಅಕ್ಷರ ಮಾತ್ರ ಕನ್ನಡವಾಗಿರಲಿ. ಅಜ್ಜನಿಗೆ ಕಾಗದ ಬರೆಯುವಷ್ಟು, ತಾಳಮದ್ದಳೆಯ ಅರ್ಥವನ್ನು ಕೇಳಿ ತಲೆದೂಗುವಷ್ಟು, ಕನ್ನಡದ ಪುಸ್ತಕವೊಂದನ್ನು ತಾನಾಗಿ ತೆರೆದು ಓದುವಷ್ಟು ಅದು ಬಲಿಯಲಿ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯೆಂದು ಎದೆಗೆಡಬೇಕಾದುದಿಲ್ಲ. ಅಬರಿಸ್ಟ್‌ವಿತ್ತಿನಲ್ಲಿ ಏಳು ಮಕ್ಕಳ ತಾಯಿತಂದೆಗಳು 1939ರಲ್ಲಿ ಮಾಡಿದ ನಿರ್ಧಾರವನ್ನು, ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದಾಗ, ನಮ್ಮ ನಮ್ಮ ಮನೆಗಳಲ್ಲಿ ನಾವೂ ಮಾಡಬೇಕಾಗಿದೆ.